ಅಂಟು ಹಾಕಲು ಮರೆತ ನಾಲ್ಕು ಇಂಚು

ಬೇಸಿಗೆಯಲ್ಲಿ ಕೊಂಡರೆ ಎಲ್ಲ ಕಾರೂ ಒಣ ಕಾರೇ. ನಾನು ಕಾರು ಕೊಂಡಿದ್ದು ಮಾರ್ಚ್‌ನಲ್ಲಿ. ಈ ಮಾತು ಗೊತ್ತಾಗಿದ್ದು ಜೂನ್‌ನಲ್ಲಿ.

2024ರ ಮಾರಿಕಾಂಬಾ ಜಾತ್ರೆ ಮುಗಿದು ಶಿರಸಿ ಪೇಟೆ ಉಸಿರು ಬಿಡುತ್ತಿದ್ದ ವಾರ ಅದು. ಕಾರವಾರದಲ್ಲಿ ಒಬ್ಬರಿಗೆ ವರ್ಗವಾಗಿದೆ, ಕಾರು ಮಾರುತ್ತಾರಂತೆ ಎಂದು ಪರಿಚಯದವರು ಹೇಳಿದರು. 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಕೆಂಪು ಬಣ್ಣ, ಕೆಎ-30 ನಂಬರು, 58 ಸಾವಿರ ಕಿಲೋಮೀಟರ್ ಓಡಿದೆ, ಮಾರುವವರು ಎರಡನೇ ಮಾಲೀಕರು. ಎರಡು ಏರ್‌ಬ್ಯಾಗ್ ಇರುವ ಮೇಲಿನ ಮಾದರಿ ಅನ್ನುವುದು ನನಗೆ ಹಿಡಿಸಿತು. ನಮ್ಮಲ್ಲಿ ಹೊಸ ಕಾರುಗಳಿಗೆಲ್ಲ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ ಆಗಿದ್ದೇ 2019ರ ಜುಲೈನಲ್ಲಿ. ಅದಕ್ಕೂ ಐದು ವರ್ಷ ಹಿಂದಿನ ಸಣ್ಣ ಕಾರಿನಲ್ಲಿ ಎರಡೆರಡು ಅಂದರೆ ಸಣ್ಣ ಮಾತಲ್ಲ. ಮಾತು 2 ಲಕ್ಷ 85 ಸಾವಿರಕ್ಕೆ ನಿಂತಿತು.

ಕಾರಿನ ಕಂಪನಿ ಯಾವುದು ಅಂತ ಹೇಳುವುದಿಲ್ಲ. ಒಂದೇ ಒಂದು ಕಾರಿನಲ್ಲಿ, ಒಂದು ದಿನ, ಒಂದು ಕೈ ತಪ್ಪಿದ್ದಕ್ಕೆ ಇಡೀ ಕಂಪನಿಗೆ ಹೆಸರಿಡುವುದು ಸರಿಯಲ್ಲ ಅನ್ನಿಸುತ್ತದೆ.

ನಾನು ಏನೂ ನೋಡದೆ ಕೊಂಡವನಲ್ಲ. ನಾಲ್ಕೂ ಟೈರಿನ ತಾರೀಕು ನೋಡಿದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಆರ್‌ಸಿಯಲ್ಲಿದ್ದ 17 ಅಕ್ಷರದ ಚಾಸಿ ನಂಬರನ್ನು ಕಾರಿನ ಮೇಲೆ ಕೊರೆದದ್ದರ ಜೊತೆ ಒಂದೊಂದಾಗಿ ತಾಳೆ ನೋಡಿದೆ. ಎಂಜಿನ್ ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿಸಿದೆ. ಆದರೆ ಕಾರ್ಪೆಟ್ ಎತ್ತಿ ನೋಡಲಿಲ್ಲ. ಮನೆಯವರು ಚಹಾ, ಅವಲಕ್ಕಿ ಕೊಟ್ಟು ಅಷ್ಟು ಚೆನ್ನಾಗಿ ಮಾತಾಡಿಸುವಾಗ ಅವರ ಕಾರಿನ ಕಾರ್ಪೆಟ್ ಕಿತ್ತು ನೋಡುವುದು ಹೇಗೆ? ಸಂಕೋಚ. ಈ ಸಂಕೋಚಕ್ಕೆ ಬಿದ್ದ ದುಡ್ಡಿನ ಲೆಕ್ಕ ಮುಂದೆ ಬರುತ್ತದೆ.

ಜೂನ್ ಎರಡನೇ ವಾರ ಮಳೆ ಹಿಡಿಯಿತು. ಶಿರಸಿಯ ಮಳೆ ಗೊತ್ತಲ್ವಾ, ಹಿಡಿದರೆ ಬಿಡುವುದಿಲ್ಲ. ಮೂರನೇ ದಿನ ದೊಡ್ಡಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೆ. ಎಡಗಡೆ ಸೀಟಿನಲ್ಲಿ ಕೂತವಳು ಮೂಗು ಅರಳಿಸಿದಳು. "ಎಂತದೋ ತಮಾ ಇದು, ಒದ್ದೆ ಕಂಬಳಿ ವಾಸನೆ ಬತ್ತು" ಅಂದಳು. ಇಳಿಯುವಾಗ ಅವಳ ಕಾಲ ಕೆಳಗಿನಿಂದ ಪಚಕ್ ಅಂತ ಸದ್ದು ಬಂತು. ಮ್ಯಾಟ್ ಎತ್ತಿದೆ. ಕೆಳಗಿನ ಕಾರ್ಪೆಟ್ ನೀರು ಕುಡಿದು ಕೂತಿತ್ತು.

ಎಡಗಾಲಿನ ಜಾಗದಲ್ಲಿ ನೀರು ಬಂದರೆ ಎಲ್ಲರೂ ಮೊದಲು ಹೇಳುವುದು ಎಸಿ ಪೈಪ್ ಕಟ್ಟಿದೆ ಅಂತ. ಎಸಿ ಓಡುವಾಗ ಒಳಗಿನ ಕಾಯಿಲ್ ಮೇಲೆ ಇಬ್ಬನಿಯಂತೆ ನೀರು ಕಟ್ಟುತ್ತದೆ. ಅದು ಒಂದು ಸಣ್ಣ ಪೈಪಿನಿಂದ ಕಾರಿನ ಕೆಳಗೆ ಬಸಿಯಬೇಕು. ಪೈಪು ಕಟ್ಟಿದರೆ ಒಳಗೇ ಸುರಿಯುತ್ತದೆ. ನಾನು ಹೋದ ಮೊದಲ ಗ್ಯಾರೇಜಿನವರೂ ಅದನ್ನೇ ಹೇಳಿ, ಪೈಪಿಗೆ ಗಾಳಿ ಹೊಡೆದು 600 ರೂಪಾಯಿ ತೆಗೆದುಕೊಂಡರು. ಆ ಜಡಿ ಮಳೆಯ ಚಳಿಯಲ್ಲಿ ನಾನು ಎಸಿ ಹಾಕಿಯೇ ಇರಲಿಲ್ಲ. ಅದನ್ನು ಅವರಿಗೆ ಹೇಳುವ ಬುದ್ಧಿಯೂ ನನಗಿರಲಿಲ್ಲ. ನೀರು ಸಿಹಿ ವಾಸನೆ ಬಂದು ಅಂಟಂಟಾಗಿದ್ದರೆ ಹೀಟರಿನ ಕೂಲೆಂಟ್ ಸೋರುತ್ತಿದೆ ಎಂದರ್ಥ. ಎಸಿ ಬಳಸುವ ದಿನ ಮಾತ್ರ ಬಂದರೆ ಎಸಿ ನೀರು. ನಿಲ್ಲಿಸಿಟ್ಟ ಕಾರಿನಲ್ಲಿ ರಾತ್ರಿ ಕಳೆಯುವುದರೊಳಗೆ ಬಂದರೆ ಮಳೆ ನೀರು. ಇಷ್ಟು ತಿಳಿದಿದ್ದರೆ ಮೊದಲ 600 ಉಳಿಯುತ್ತಿತ್ತು.

ಎರಡನೆಯ ಗ್ಯಾರೇಜಿನಲ್ಲಿ ಮುಂದಿನ ಗಾಜು ನೋಡಿದರು. ಗಾಜು ಬದಲಾಗಿತ್ತು, ಅದು ನಿಜ. ಕಾರಿನ ಪ್ರತಿ ಗಾಜಿನ ಮೂಲೆಯಲ್ಲಿ ತಯಾರಕರ ಗುರುತು, ವರ್ಷದ ಅಂಕಿ, ಕೆಲವು ಚುಕ್ಕಿಗಳು ಇರುತ್ತವೆ. ಉಳಿದ ಐದೂ ಗಾಜಿನಲ್ಲಿ ಒಂದೇ ಗುರುತು, ಮುಂದಿನದರಲ್ಲಿ ಬೇರೆ. "ಗಾಜಿನ ಅಂಚಿನಿಂದಲೇ ಬರ್ತಿದೆ" ಎಂದು ಸುತ್ತಲೂ ಸಿಲಿಕಾನ್ ಎಳೆದರು. 1,200 ರೂಪಾಯಿ. ಎರಡು ದಿನ ಕಾರಿನೊಳಗೆ ವಿನಿಗರ್ ವಾಸನೆ. ಬಚ್ಚಲು, ಸಿಂಕಿಗೆ ಬಳಸುವ ಆ ಅಗ್ಗದ ಸಿಲಿಕಾನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಅದು ಕಬ್ಬಿಣವನ್ನು ತಿನ್ನುತ್ತದೆ. ಇನ್ನೂ ಒಂದು ತೊಂದರೆ ಇದೆ. ಒಮ್ಮೆ ಸಿಲಿಕಾನ್ ಹತ್ತಿದ ಜಾಗಕ್ಕೆ ಗಾಜು ಕೂರಿಸುವ ಸರಿಯಾದ ಯುರೇಥೇನ್ ಅಂಟು ಹಿಡಿಯುವುದೇ ಇಲ್ಲ. ಅಂದರೆ ಈ ಕಾರಿಗಾದ ಕೆಟ್ಟ ರಿಪೇರಿಗಳಲ್ಲಿ ಒಂದಕ್ಕೆ ದುಡ್ಡು ಕೊಟ್ಟವನು ನಾನೇ. ಅದನ್ನು ಮುಚ್ಚಿಟ್ಟು ಬೇರೆಯವರನ್ನು ಬೈಯುವುದು ಚಂದ ಅಲ್ಲ.

ನೀರು ನಿಲ್ಲಲಿಲ್ಲ.

ಮೂರನೆಯವರು ಟಿಂಕರ್, ಬಾಡಿಯ ತಗಡು ಕೆಲಸದವರು. ಮುಂದಿನ ಎಡ ಫೆಂಡರಿಗೆ, ಅಂದರೆ ಚಕ್ರದ ಮೇಲಿನ ತಗಡಿಗೆ, ಬೆರಳಿನಿಂದ ತಟ್ಟಿ ಮುಖ ಸಣ್ಣ ಮಾಡಿದರು. ಪೇಂಟಿನ ದಪ್ಪ ಅಳೆಯುವ ಸಣ್ಣ ಯಂತ್ರ ಇಟ್ಟರು. ಟಾಪ್ ಮೇಲೆ 110 ಮೈಕ್ರಾನ್, ಬಾಗಿಲ ಮೇಲೆ 120ರ ಹತ್ತಿರ. ಎಡ ಫೆಂಡರಿನ ಚಕ್ರದ ಕಮಾನಿನ ಮೇಲೆ 480. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 80ರಿಂದ 150ರೊಳಗೆ ಇರುತ್ತದೆ. 480 ಅಂದರೆ ಕೆಳಗೆ ಪುಟ್ಟಿ ಇದೆ. "ದೊಡ್ಡ ಆಕ್ಸಿಡೆಂಟ್ ಆಗಿದೆ, ಬಾಡಿಯೇ ತಿರುಚಿದೆ, ಜಾಯಿಂಟು ಬಿಟ್ಟಿದೆ" ಎಂದು 28 ಸಾವಿರ ಹೇಳಿದರು. ಅಲ್ಲಿಂದ ಮನೆಗೆ ಬರುವ ದಾರಿಯುದ್ದಕ್ಕೂ ನನಗೆ ಕಾರವಾರದ ಆ ಅವಲಕ್ಕಿಯ ಮೇಲೆ ಸಿಟ್ಟು.

ಅಷ್ಟರಲ್ಲಿ ನೆಂಟರೊಬ್ಬರು ಇನ್ನೊಂದು ಹುಳ ಬಿಟ್ಟರು. "ಕಾರವಾರದ ಕಾರಾ? 2019ರ ನೆರೆಯಲ್ಲಿ ಮುಳುಗಿದ್ದಿರಬೇಕು." ಆ ವರ್ಷದ ಆಗಸ್ಟ್‌ನಲ್ಲಿ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟು ಕಾಳಿ ನದಿ ದಂಡೆಯ ಊರುಗಳಿಗೆ ನೀರು ನುಗ್ಗಿದ್ದು ನಮ್ಮ ಜಿಲ್ಲೆಯವರಿಗೆಲ್ಲ ನೆನಪಿದೆ. ಮಾತು ಸುಳ್ಳು ಅನ್ನುವ ಹಾಗೂ ಇಲ್ಲ.

ಮಾರಿ ಕೈತೊಳೆದುಕೊಳ್ಳೋಣ ಅಂತ ನಿಜಕ್ಕೂ ಯೋಚಿಸಿದೆ. ಜುಲೈ 16ಕ್ಕೆ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಹೆದ್ದಾರಿ ಬಂದ್. ಅಲ್ಲಿ ಜನ ಮಣ್ಣಿನಡಿ, ನದಿಯೊಳಗೆ ಕಾಣೆಯಾಗಿರುವಾಗ ಕಾರ್ಪೆಟ್ ಒದ್ದೆ ಅಂತ ಯಾರಿಗೂ ಹೇಳಿಕೊಳ್ಳುವ ಮನಸ್ಸಾಗಲಿಲ್ಲ. ಕಾರನ್ನು ಅಂಗಳದ ಮೂಲೆಯಲ್ಲಿ ಟಾರ್ಪಾಲು ಹೊದೆಸಿ ಬಿಟ್ಟೆ.

ಆಗಸ್ಟ್ ಮೊದಲ ವಾರ ಮಳೆ ಸ್ವಲ್ಪ ಹೊಳವಾದಾಗ ಬನವಾಸಿ ರಸ್ತೆ ಕಡೆ ಸಣ್ಣ ಗ್ಯಾರೇಜ್ ಇಟ್ಟುಕೊಂಡಿರುವ ಮೇಸ್ತ್ರಿ ಸಿಕ್ಕರು. ಕಡಿಮೆ ಮಾತಿನ ಮನುಷ್ಯ. ಮೂರು ಕಡೆ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, "ಎಲ್ಲರೂ ಎಲ್ಲಿಂದ ಬರ್ತದೆ ಅಂತ ಹೇಳಿದ್ರು. ಬರೋದನ್ನ ನೋಡಿದವರು ಯಾರು?" ಎಂದು ಕೇಳಿದರು. ಯಾರೂ ಇಲ್ಲ.

ಮೊದಲು ಅವರು ಕಾರಿನೊಳಗನ್ನು ಪೂರ್ತಿ ಬಿಚ್ಚಿದರು. ಎಡ ಸೀಟು, ಬಾಗಿಲ ಅಡಿಪಟ್ಟಿ, ಕಾರ್ಪೆಟ್, ಅದರ ಕೆಳಗಿನ ದಪ್ಪ ಫೆಲ್ಟು. ಆ ಫೆಲ್ಟನ್ನು ನಾನು ಮನೆಗೆ ತಂದು ಅಡಿಕೆ ತೂಗುವ ಕಾಟದ ಮೇಲೆ ಇಟ್ಟೆ, ಸುಮ್ನೆ ಕುತೂಹಲಕ್ಕೆ. ಒಂಬತ್ತು ಕಿಲೋ. ಬಚ್ಚಲೊಲೆ ಮೇಲಿನ ಅಟ್ಟದಲ್ಲಿ ಐದು ದಿನ ಒಣಗಿಸಿ ಮತ್ತೆ ತೂಗಿದಾಗ ಮೂರು ಕಿಲೋ. ಆರು ಲೀಟರ್ ನೀರನ್ನು ಹೊತ್ತುಕೊಂಡು ನಾವು ತಿರುಗುತ್ತಿದ್ದೆವು.

ನೆರೆಯ ಮಾತು ಹತ್ತೇ ನಿಮಿಷದಲ್ಲಿ ಬಿದ್ದುಹೋಯಿತು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದರು. ಮುಳುಗಿದ ಕಾರಾದರೆ ಸುರುಳಿಯ ಒಳಭಾಗದಲ್ಲಿ ಕೆಸರಿನ ಗೆರೆ ಇರುತ್ತದೆ. ಇರಲಿಲ್ಲ. ಸ್ಟೆಪ್ನಿ ಗುಂಡಿ, ಬಲಗಡೆ ಕಾರ್ಪೆಟ್ಟಿನ ಅಡಿ, ಡ್ಯಾಶ್‌ಬೋರ್ಡ್ ಹಿಂದಿನ ಬ್ರಾಕೆಟ್ಟಿನ ಸಂದಿ, ಎಲ್ಲೂ ಒಂದು ಚಿಟಿಕೆ ರೇವೆ ಮಣ್ಣಿಲ್ಲ. ತುಕ್ಕು ಇದ್ದಿದ್ದು ಎಡಗಡೆ ಮುಂದೆ ಮಾತ್ರ, ಒಂದು ಪರಾತದಷ್ಟು ಅಗಲಕ್ಕೆ. ನೆರೆಯ ನೀರು ಹಾಗೆ ಒಂದು ಸೀಟು ಆರಿಸಿಕೊಂಡು ಬರುವುದಿಲ್ಲ.

ಆದರೆ ಆ ತುಕ್ಕಿನ ನಡುವೆ ಮೂರು ತೂತು ಕಂಡವು.

ಕಾರಿನ ನೆಲದಲ್ಲಿ ಕಾರ್ಖಾನೆಯ ತೂತುಗಳೂ ಇರುತ್ತವೆ. ಬಾಡಿಯನ್ನು ಪ್ರೈಮರ್ ತೊಟ್ಟಿಯಲ್ಲಿ ಮುಳುಗಿಸಿ ಎತ್ತುವಾಗ ದ್ರವ ಬಸಿದು ಹೋಗಲಿ ಅಂತ ಮಾಡಿರುತ್ತಾರೆ. ಆಮೇಲೆ ರಬ್ಬರ್ ಬಿರಡೆ ಹಾಕುತ್ತಾರೆ. ಅಂಥ ತೂತಿನ ಅಂಚು ಅಚ್ಚಿನಲ್ಲಿ ಒತ್ತಿದ ಹಾಗೆ ನಯವಾಗಿ ಬಾಗಿರುತ್ತದೆ, ಅಂಚಿನ ಮೇಲೂ ಬಣ್ಣ ಇರುತ್ತದೆ. ಇವು ಹಾಗಿರಲಿಲ್ಲ. ಅಂಚು ಹರಿತ, ಕೆಳಮುಖವಾಗಿ ಚೂರು ಎದ್ದಿದೆ, ಸುತ್ತ ತುಕ್ಕಿನ ಉಂಗುರ. ಡ್ರಿಲ್ಲಿನ ಕೆಲಸ. ಎರಡಕ್ಕೆ ಎಂ-ಸೀಲ್ ಮೆತ್ತಿತ್ತು. ಮೂರನೆಯದು ಶಬ್ದ ತಡೆಯುವ ಟಾರು ಹಾಳೆಯ ಅಂಚಿನಲ್ಲಿ ಅಡಗಿ ಬಾಯಿ ತೆರೆದೇ ಇತ್ತು.

ಯಾರೋ ಒಳಗೆ ಬಂದ ನೀರನ್ನು ಹೊರಗೆ ಬಿಡಲು ನೆಲವನ್ನೇ ಕೊರೆದಿದ್ದರು! ನಾನು ನಕ್ಕುಬಿಟ್ಟೆ. ಮೇಸ್ತ್ರಿ ನಗಲಿಲ್ಲ. ಆ ತೂತಿನಿಂದ ನೀರು ಹೊರಗೆ ಹೋಗುವಷ್ಟೇ ಸುಲಭವಾಗಿ ಒಳಗೂ ಬರುತ್ತದೆ. ಮುಂದಿನ ಚಕ್ರ ಹಾರಿಸುವ ರಾಡಿ ನೀರೆಲ್ಲ ಅದರೊಳಗೆ. ಓಡಿಸುವಾಗ ಸ್ವಲ್ಪ, ನಿಲ್ಲಿಸಿದಾಗ ಜಾಸ್ತಿ ಅಂತ ನಾನು ಹೇಳಿದ್ದಕ್ಕೆ ಅರ್ಧ ಉತ್ತರ ಸಿಕ್ಕಿತು. ಓಡಿಸುವಾಗ ಬರುವುದು ಕೆಳಗಿನಿಂದ. ನಿಲ್ಲಿಸಿದಾಗ ಬರುವುದು ಇನ್ನೆಲ್ಲಿಂದಲೋ.

ಇದೇ ಹೊತ್ತಿಗೆ ಇನ್ನೊಂದು ಪತ್ತೆಯಾಯಿತು. ನೀರಿಗಿಂತ ದೊಡ್ಡ ಅಪಾಯ ಅದರಲ್ಲಿತ್ತು ಅಂತ ಈಗ ಅನ್ನಿಸುತ್ತದೆ. ಮೇಸ್ತ್ರಿ ಕೀ ಹಾಕಿ ಆನ್ ಮಾಡಿ ಮೀಟರನ್ನೇ ನೋಡುತ್ತ ನಿಂತರು. ಎಂಜಿನ್ ದೀಪ ಬಂತು, ಆಯಿಲ್ ದೀಪ ಬಂತು, ಎಬಿಎಸ್ ದೀಪ ಬಂದು ಹೋಯಿತು. ಏರ್‌ಬ್ಯಾಗ್ ದೀಪ ಬರಲೇ ಇಲ್ಲ. ಕೀ ಹಾಕಿದಾಗ ಅದು ಕೆಲವು ಸೆಕೆಂಡ್ ಹತ್ತಿ ಆರಬೇಕು. ಹತ್ತಿಯೇ ಇದ್ದರೆ ದೋಷ ಇದೆ ಅಂತ. ಹತ್ತಲೇ ಇಲ್ಲದಿದ್ದರೆ ದೀಪವೇ ಕೆಟ್ಟಿದೆ, ಇಲ್ಲಾ ಯಾರೋ ದೋಷವನ್ನು ಮುಚ್ಚಿದ್ದಾರೆ ಅಂತ. ಮೀಟರ್ ಬಿಚ್ಚಿದರು. ದೀಪದ ಮೇಲೆ ಉಗುರಿನಷ್ಟು ಕಪ್ಪು ಇನ್ಸುಲೇಷನ್ ಟೇಪು. ತೆಗೆದ ಕೂಡಲೇ ಕೆಂಪು ದೀಪ ಉರಿಯಿತು, ಆರಲಿಲ್ಲ.

ಸ್ಕ್ಯಾನರ್ ಹಾಕಿದಾಗ ಎಡ ಸೀಟಿನ ಬೆಲ್ಟ್ ಪ್ರಿಟೆನ್ಷನರ್ (ಡಿಕ್ಕಿಯಾದಾಗ ಬೆಲ್ಟನ್ನು ಬಿಗಿಯುವ ಸಾಧನ) ಸರ್ಕ್ಯೂಟಿನಲ್ಲಿ ದೋಷ ಅಂತ ತೋರಿಸಿತು. ಸೀಟಿನ ಕೆಳಗಿನ ಹಳದಿ ಕನೆಕ್ಟರ್ ಹಸಿರು ಬಣ್ಣಕ್ಕೆ ತಿರುಗಿತ್ತು, ಹಳೇ ತಾಮ್ರದ ಚೊಂಬಿನ ಹಾಗೆ. ಅಲ್ಲೇ ನೀರು ನಿಲ್ಲುತ್ತಿತ್ತಲ್ಲ. ಹಳದಿ ವೈರು, ಹಳದಿ ಕನೆಕ್ಟರ್ ಅಂದರೆ ಏರ್‌ಬ್ಯಾಗ್ ವ್ಯವಸ್ಥೆ. ಬ್ಯಾಟರಿಯ ನೆಗೆಟಿವ್ ತೆಗೆದು ಕೆಲವು ನಿಮಿಷ ಕಾಯದೆ ಅದನ್ನು ಮುಟ್ಟಬಾರದು, ಮಾಮೂಲಿ ಮೀಟರಿನಿಂದ ಅಳೆಯಲೂ ಬಾರದು. ಅಂದರೆ ನನಗೆ ಮಾರಿದ "ಎರಡು ಏರ್‌ಬ್ಯಾಗ್ ಕಾರು" ಎಷ್ಟೋ ದಿನದಿಂದ ದೋಷ ಇದೆ ಅಂತ ಕೂಗುತ್ತಿತ್ತು, ಅದರ ಬಾಯಿಗೆ ಟೇಪು ಹಚ್ಚಿದ್ದರು. ಆ ಸೀಟಿನಲ್ಲಿ ಮೂರು ತಿಂಗಳು ದೊಡ್ಡಮ್ಮ ಕೂತಿದ್ದಾಳೆ.

ಏರ್‌ಬ್ಯಾಗ್ ಮಾತು ಬಂದಿದ್ದರಿಂದ ಚಾಸಿ ನಂಬರ್ ಹಾಕಿ ಕಂಪನಿಯ ವೆಬ್‌ಸೈಟಿನಲ್ಲಿ ರೀಕಾಲ್ ಇದೆಯಾ ನೋಡಿದೆವು. ಜಪಾನಿನ ಟಕಾಟಾ ಕಂಪನಿಯ ಏರ್‌ಬ್ಯಾಗ್ ಕಥೆ ಕೇಳಿರುತ್ತೀರಿ. ಅದರ ಬ್ಯಾಗ್ ಉಬ್ಬಿಸುವ ಇನ್‌ಫ್ಲೇಟರಿನೊಳಗಿನ ಅಮೋನಿಯಂ ನೈಟ್ರೇಟ್ ಸೆಖೆ ಮತ್ತು ತೇವಕ್ಕೆ ವರ್ಷಗಟ್ಟಲೆ ಸಿಕ್ಕಿ ಕೆಟ್ಟು, ಬ್ಯಾಗ್ ಬಿಚ್ಚಿಕೊಳ್ಳುವಾಗ ಲೋಹದ ಚೂರು ಸಿಡಿಯುತ್ತಿತ್ತು. ಜಗತ್ತಿನಾದ್ಯಂತ ಕೋಟಿಗಟ್ಟಲೆ ಕಾರು ವಾಪಸ್ ಕರೆದರು, 2017ರಲ್ಲಿ ಕಂಪನಿ ದಿವಾಳಿಯಾಯಿತು. ಸೆಖೆ ಮತ್ತು ತೇವ ಅಂದರೆ ನಮ್ಮ ಕರಾವಳಿಯೇ ಅಲ್ವಾ, ಅದಕ್ಕೇ ಹೆದರಿದ್ದೆ. ನಮ್ಮ ಕಾರಿಗೆ ಯಾವ ರೀಕಾಲೂ ಇರಲಿಲ್ಲ. ಒಂದೇ ತಪ್ಪು ಸಾಲಾಗಿ ಸಾವಿರಾರು ಕಾರಿನಲ್ಲಿ ಆದರೆ ರೀಕಾಲ್. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಬಂದ ಮೇಲೆ ಸರ್ಕಾರವೇ ಅದಕ್ಕೆ ಆದೇಶ ಮಾಡಬಹುದು. ಒಂದೇ ಕಾರಿನಲ್ಲಿ ಆದ ತಪ್ಪನ್ನು ಆ ಕಾರಿನ ಮಾಲೀಕನೇ ಹುಡುಕಿಕೊಳ್ಳಬೇಕು.

ಶನಿವಾರ ನೀರಿನ ಪರೀಕ್ಷೆ. ನಮ್ಮನೆಯಲ್ಲಿ ಅಡಿಕೆಗೆ ಬೋರ್ಡೋ ಔಷಧಿ ಹೊಡೆಯುವ ಪಂಪ್ ಇದೆ, ತರಲಾ ಅಂತ ಕೇಳಿದೆ. ಮೇಸ್ತ್ರಿ ಬೇಡವೇ ಬೇಡ ಎಂದರು. ಅಷ್ಟು ಒತ್ತಡದ ನೀರು ಸರಿ ಇರುವ ರಬ್ಬರಿನ ಸಂದಿಯಲ್ಲೂ ನುಗ್ಗುತ್ತದೆ, ಆಮೇಲೆ ಎಲ್ಲವೂ ಸೋರುವ ಹಾಗೆ ಕಾಣುತ್ತದೆ. ತೋಟಕ್ಕೆ ಬಿಡುವ ಮಾಮೂಲಿ ಪೈಪು ಸಾಕು, ಬಾಯಿಗೆ ಬೆರಳು ಕೂಡ ಒತ್ತಬಾರದು. ನಾನು ಟಾರ್ಚ್ ಹಿಡಿದು ಒಳಗೆ, ಅವರು ಪೈಪು ಹಿಡಿದು ಹೊರಗೆ. ಒಳಗಿನ ತಗಡಿಗೆಲ್ಲ ಟಾಲ್ಕಂ ಪೌಡರ್ ಉದುರಿಸಿದ್ದೆವು. ಒಂದು ಹನಿ ಇಳಿದರೂ ಬಿಳಿಯ ಮೇಲೆ ಗೆರೆ ಮೂಡಬೇಕು.

ಕೆಳಗಿನಿಂದ ಮೇಲಕ್ಕೆ ಹೋಗಬೇಕು, ಇದು ನಿಯಮ. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲ ಸಂದಿಗೂ ಇಳಿದು ಯಾವುದು ಅಂತ ಗೊತ್ತಾಗುವುದಿಲ್ಲ. ಮೊದಲು ಬಾಗಿಲಿನ ಕೆಳಗೆ ಹತ್ತು ನಿಮಿಷ. ಏನಿಲ್ಲ. ಬಾಗಿಲಿನ ರಬ್ಬರ್ ಸುತ್ತ. ಏನಿಲ್ಲ. ಆಮೇಲೆ ವೈಪರ್ ಕೆಳಗಿನ ಕಪ್ಪು ಜಾಲರಿ. ಗಾಜಿನ ಮೇಲೆ ಬಿದ್ದ ಮಳೆಯೆಲ್ಲ ಅಲ್ಲಿಗೇ ಇಳಿಯುತ್ತದೆ. ಮಾಡಿನ ಅಂಚಿಗೆ ಮಳೆ ನೀರು ಹಿಡಿಯಲು ಕಟ್ಟುವ ದೋಣಿ ಇದ್ದ ಹಾಗೆ ಅದು. ಎರಡು ತುದಿಯಿಂದ ನೀರು ಫೆಂಡರಿನ ಹಿಂದೆ ಇಳಿದು ನೆಲಕ್ಕೆ ಹೋಗಬೇಕು. ಎಡಗಡೆ ನೀರು ಬಿಟ್ಟು ಆರು ನಿಮಿಷ ಆಗಿತ್ತು. ಡ್ಯಾಶ್‌ಬೋರ್ಡಿನ ಕೆಳಗೆ, ಬಾಗಿಲ ಕಂಬದ ಮೂಲೆಯಲ್ಲಿ, ಪೌಡರಿನ ಮೇಲೆ ಒಂದು ಗೆರೆ ಇಳಿಯಿತು. ಇರುವೆ ಸಾಲಿನ ಹಾಗೆ ಸಣ್ಣಗೆ. "ಬಂತು!" ಅಂತ ನಾನು ಕೂಗಿದ್ದು ರಸ್ತೆಯವರೆಗೂ ಕೇಳಿಸಿತಂತೆ.

ಪೈಪು ನಿಲ್ಲಿಸಿದೆವು. ಗೆರೆ ನಿಲ್ಲಲಿಲ್ಲ. ಅರ್ಧ ಗಂಟೆ ಆದಮೇಲೂ ಇಳಿಯುತ್ತಲೇ ಇತ್ತು. ಮೇಸ್ತ್ರಿ ಮೊದಲ ಸಲ ಹುಬ್ಬು ಗಂಟಿಕ್ಕಿದರು. ಹೊರಗಿನಿಂದ ಹಾದು ಹೋಗುವ ನೀರಾದರೆ ಇಷ್ಟು ಹೊತ್ತು ಬರಬಾರದು. ನೀರನ್ನು ಹಿಡಿದಿಟ್ಟುಕೊಂಡಿರುವ ಏನೋ ಒಂದು ಅಲ್ಲಿದೆ.

ಫೆಂಡರ್ ಬಿಚ್ಚಿದರು. ಅದರ ಬೋಲ್ಟುಗಳ ಮೂಲೆಯಲ್ಲಿ ಬಣ್ಣ ಎದ್ದಿತ್ತು, ಹಿಂದೆ ಯಾರೋ ಸ್ಪ್ಯಾನರ್ ಹಾಕಿದ್ದಾರೆ. ಒಳಗೆ, ಕಂಬಕ್ಕೂ ಗಾಜಿನ ಕೆಳಗಿನ ತಗಡಿಗೂ ಸೇರುವ ಮೂಲೆಯಲ್ಲಿ, ಹಾಸಿಗೆಯ ಹಳದಿ ಸ್ಪಂಜು. ಅಂಗೈಯಷ್ಟು ದೊಡ್ಡ ತುಂಡನ್ನು ಮಡಿಚಿ ತುರುಕಿದ್ದರು. ಹಿಂಡಿದಾಗ ಕಪ್ಪು ನೀರು ಸುರಿಯಿತು. ಮಳೆ ನಿಂತರೂ ನೀರು ಬರುತ್ತಿದ್ದದ್ದು ಇದರಿಂದ. ನಿಲ್ಲಿಸಲು ಹಾಕಿದ ಸ್ಪಂಜು ನೀರನ್ನು ಕೂಡಿಟ್ಟು ನಿಧಾನವಾಗಿ ಒಳಗೆ ಉಣಿಸುತ್ತಿತ್ತು.

ಸ್ಪಂಜು ತೆಗೆದ ಮೇಲೆ ಕಂಡ ಜಾಗದ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕು. ಇಡೀ ಪ್ರಕರಣದ ಉತ್ತರ ಅಲ್ಲೇ ಇದ್ದದ್ದು.

ಕಾರಿನ ಬಾಡಿ ಅಂದರೆ ನೂರಾರು ತಗಡುಗಳನ್ನು ಬೆಸೆದದ್ದು. ಕಾರ್ಖಾನೆಯ ಬೆಸುಗೆ ಚುಕ್ಕಿ ಚುಕ್ಕಿಯಾಗಿ ಇರುತ್ತದೆ. ಎರಡು ಚುಕ್ಕಿಯ ನಡುವೆ ತಗಡು ತಗಡಿಗೆ ತಾಗಿರುತ್ತದೆ ಅಷ್ಟೆ, ನೀರು ನುಗ್ಗಲು ದಾರಿ ಇರುತ್ತದೆ. ಅದಕ್ಕೆ ಜಾಯಿಂಟಿನ ಮೇಲೆ ಸೀಲರ್ ಎಂಬ ಅಂಟಿನ ಗೆರೆ ಎಳೆಯುತ್ತಾರೆ. ಕ್ರಮ ಹೀಗೆ: ಬೆಸುಗೆ, ಆಮೇಲೆ ತೊಟ್ಟಿಯಲ್ಲಿ ಮುಳುಗಿಸಿ ಬೂದು ಪ್ರೈಮರ್, ಆಮೇಲೆ ಸೀಲರ್, ಅದರ ಮೇಲೆ ಬಣ್ಣ. ಈ ಕ್ರಮವನ್ನು ನೆನಪಿಟ್ಟುಕೊಳ್ಳಿ.

ನಮ್ಮ ಕಾರಿನ ಆ ಮೂಲೆಯಲ್ಲಿ ಸೀಲರ್ ಗೆರೆ ಮೇಲಿನಿಂದ ಚೆನ್ನಾಗಿಯೇ ಇಳಿದು ಬಂದಿದೆ. ಒಂದು ಕಡೆ ಬಾಲದ ಹಾಗೆ ತೆಳ್ಳಗಾಗಿ ನಿಂತಿದೆ. ನಾಲ್ಕು ಇಂಚು ಕೆಳಗೆ ಮತ್ತೆ ಶುರುವಾಗಿದೆ. ನಡುವಿನ ನಾಲ್ಕು ಇಂಚು ಖಾಲಿ. ಬಲಗಡೆ ಇದೇ ಜಾಗವನ್ನು ಕನ್ನಡಿ ಹಿಡಿದು ನೋಡಿದೆವು, ಗೆರೆ ಒಂದೇ ಸಮ ಇಳಿದಿದೆ.

ಟಿಂಕರ್ ಹೇಳಿದ ಹಾಗೆ ಆಕ್ಸಿಡೆಂಟಿನಲ್ಲಿ ಜಾಯಿಂಟು ಬಿಟ್ಟು ಸೀಲರ್ ಕಿತ್ತಿದ್ದರೆ? ಅಥವಾ ಫೆಂಡರ್ ಬಿಚ್ಚಿದವರು ಕೆರೆದು ತೆಗೆದಿದ್ದರೆ? ನನಗೂ ಇದೇ ಅನುಮಾನ. ಮೇಸ್ತ್ರಿ ಬೆರಳಿಟ್ಟು ತೋರಿಸಿದರು. ಸೀಲರ್ ಇರುವುದು ಬಣ್ಣದ ಕೆಳಗೆ. ಆಮೇಲೆ ಕಿತ್ತರೆ ಅದರ ಜೊತೆ ಮೇಲಿನ ಕೆಂಪು ಬಣ್ಣವೂ ಎದ್ದು ಬರಬೇಕು, ಕೆಳಗಿನ ಬೂದು ಪ್ರೈಮರ್ ಕಾಣಬೇಕು. ಇಲ್ಲಿ ತುಕ್ಕು ತಿಂದ ಜಾಗ ಬಿಟ್ಟು ಉಳಿದ ಕಡೆಯೆಲ್ಲ ಕೆಂಪು ಬಣ್ಣ ತಗಡಿನ ಸಂದಿಯೊಳಗೇ ಹರಿದು ಕೂತಿದೆ. ಗೀರಿಲ್ಲ, ಕೆರೆದ ಗುರುತಿಲ್ಲ. ಬೆಸುಗೆಯ ಚುಕ್ಕಿಗಳೂ ಸರಿಯಾದ ಅಂತರದಲ್ಲಿ ದುಂಡಗೆ ಹಾಗೇ ಇವೆ. ಬಣ್ಣ ಹೊಡೆಯುವ ದಿನವೇ ಆ ನಾಲ್ಕು ಇಂಚಿನಲ್ಲಿ ಅಂಟು ಇರಲಿಲ್ಲ ಅಂದಂತಾಯಿತು. 2014ರಲ್ಲಿ ಕಾರು ಹುಟ್ಟಿದ್ದೇ ಹಾಗೆ.

ಆ ಟಿಂಕರ್ ಕಂಡ ಪುಟ್ಟಿಯೂ ಸುಳ್ಳಲ್ಲ. ಅದರ ಲೆಕ್ಕ ಹಳೇ ಇನ್ಶೂರೆನ್ಸ್ ಕಾಗದದಲ್ಲಿ ಸಿಕ್ಕಿತು. ಕ್ಲೇಮ್ ಮಾಡದ ಪ್ರತಿ ವರ್ಷಕ್ಕೆ ನೋ ಕ್ಲೇಮ್ ಬೋನಸ್ ಎಂಬ ರಿಯಾಯಿತಿ 20, 25, 35, 45, 50 ಶೇಕಡಾ ಅಂತ ಏರುತ್ತದೆ. ಕ್ಲೇಮ್ ಮಾಡಿದರೆ ಸೊನ್ನೆಗೆ ಇಳಿಯುತ್ತದೆ. ಮಾರಿದವರು ಕಾರು ಕೊಂಡಿದ್ದು 2019ರಲ್ಲಿ. ಅವರ 2023ರ ಸೆಪ್ಟೆಂಬರ್ ಪಾಲಿಸಿಯಲ್ಲಿ ಬೋನಸ್ 45 ಇರಬೇಕಿತ್ತು, ಇದ್ದಿದ್ದು 25. ಅಂದರೆ ಹಿಂದಿನ ಎರಡು ವರ್ಷ ಕ್ಲೇಮ್ ಇಲ್ಲ, ಅದರ ಹಿಂದಿನ ವರ್ಷ ಇದೆ. 2021ರ ಆಸುಪಾಸು ಫೆಂಡರ್ ತಾಗಿದೆ, ಗಾಜು ಒಡೆದಿದೆ. ಚಕ್ರದ ಅಲೈನ್‌ಮೆಂಟ್ ಸರಿ ಇದೆ, ಟೈರು ಸಮ ಸವೆದಿದೆ, ಬಾಗಿಲು ಒಂದೇ ತಳ್ಳಿಗೆ ಮುಚ್ಚುತ್ತದೆ. ಬಾಡಿ ತಿರುಚಿದ್ದು ಆ ಟಿಂಕರಿನ ಎಸ್ಟಿಮೇಟಿನಲ್ಲಿ ಮಾತ್ರ.

ನನಗೆ ಕಾರ್ಖಾನೆಯ ಮೇಲೆ ಅಷ್ಟೇನೂ ಸಿಟ್ಟು ಬರಲಿಲ್ಲ. ದಿನಕ್ಕೆ ನೂರಾರು ಬಾಡಿ ಹಾದು ಹೋಗುವಾಗ ಒಂದು ಕೈ ಒಮ್ಮೆ ತಪ್ಪುತ್ತದೆ. ಮೇಸ್ತ್ರಿ ಇನ್ನೂ ವಿಚಿತ್ರ ಕಂಡಿದ್ದಾರೆ. ಒಂದು ಕಾರು ಘಟ್ಟದ ಪ್ರತಿ ತಿರುವಿನಲ್ಲೂ ಟಣಕ್ ಅನ್ನುತ್ತಿತ್ತಂತೆ, ಬಾಗಿಲ ಕೆಳಗಿನ ಮುಚ್ಚಿದ ಪೆಟ್ಟಿಗೆಯೊಳಗೆ ಬಣ್ಣ ಹೊಡೆಯುವ ಮೊದಲೇ ಬಿದ್ದ ನಟ್ಟು. ಆ ನಟ್ಟಿಗೂ ಕಾರಿನ ಬಣ್ಣವೇ ಹತ್ತಿತ್ತಂತೆ! ನನಗೆ ಸಿಟ್ಟು ಬಂದಿದ್ದು ಸ್ಪಂಜು ತುರುಕಿದವನ ಮೇಲೆ. ಅವನು ಫೆಂಡರ್ ಬಿಚ್ಚಿದ್ದ. ಸರಿಯಾದ ಜಾಗದವರೆಗೂ ಬಂದಿದ್ದ. ಅಲ್ಲಿ ಗೆರೆ ತುಂಡಾಗಿದ್ದು ಅವನ ಕಣ್ಣಿಗೆ ಬಿದ್ದಿತ್ತು. 650 ರೂಪಾಯಿಯ ಸೀಲರ್ ಟ್ಯೂಬಿನ ಬದಲು ಹಾಸಿಗೆ ಹರಿದ.

ರಿಪೇರಿ ಬೇಗ ಹೇಳಿ ಮುಗಿಸುತ್ತೇನೆ. ತುಕ್ಕನ್ನು ಹೊಳೆಯುವ ತಗಡು ಕಾಣುವವರೆಗೆ ಉಜ್ಜಿ, ಎಪಾಕ್ಸಿ ಪ್ರೈಮರ್ ಹೊಡೆದು, ಪಾಲಿಯುರೇಥೇನ್ ಸೀಲರ್ ಎಳೆದು ಮೇಲೆ ಬಣ್ಣ ಹಚ್ಚಿದರು. ನೆಲದ ಮೂರು ತೂತಿಗೂ ಎಂ-ಸೀಲ್ ಕೆತ್ತಿ ತೆಗೆದು ತಗಡಿನ ತುಂಡು ಬೆಸೆದರು. ಹಳದಿ ಕನೆಕ್ಟರ್ ಹೊಸದು. ನನ್ನ ಸಿಲಿಕಾನ್ ಕೆರೆದು ತೆಗೆಯಲು ಅರ್ಧ ದಿನ ಹಿಡಿಯಿತು, ಅದಕ್ಕೆ ಮಾತ್ರ ಮೇಸ್ತ್ರಿ ಗೊಣಗಿದರು. ಒಟ್ಟು 11,400 ರೂಪಾಯಿ. ಈಗ ಕೀ ಹಾಕಿದರೆ ಏರ್‌ಬ್ಯಾಗ್ ದೀಪ ಹತ್ತುತ್ತದೆ, ಆರುತ್ತದೆ. 2025ರ ಮಳೆಗಾಲವಿಡೀ ಎಡಗಾಲಿನ ಮ್ಯಾಟಿನ ಕೆಳಗೆ ದಿನಪತ್ರಿಕೆಯ ಹಾಳೆ ಇಟ್ಟಿದ್ದೆ, ಅದು ಗರಿಗರಿಯಾಗಿಯೇ ಉಳಿಯಿತು.

ಕೆಲಸ ಮುಗಿದ ಮೇಲೆ ಕುಳಿತು, ಸಿಕ್ಕ ಗುರುತುಗಳಿಂದ ನಾನೊಂದು ಕ್ರಮ ಹಾಕಿಕೊಂಡಿದ್ದೆ. ಹುಟ್ಟಿನಲ್ಲೇ ಅಂಟಿಲ್ಲ. ಮೊದಲ ಮಳೆಯಿಂದಲೇ ನೀರು. 2021ರಲ್ಲಿ ಫೆಂಡರ್ ಬಿಚ್ಚಿದಾಗ ಸ್ಪಂಜು. ಸ್ಪಂಜಿನಿಂದ ನಿಲ್ಲದೆ ಹೋದಾಗ ನೆಲಕ್ಕೆ ತೂತು. ತೂತಿನಿಂದ ರಾಡಿ ಬಂದಾಗ ಎಂ-ಸೀಲ್. ಅಷ್ಟರಲ್ಲಿ ಕನೆಕ್ಟರ್ ಕೆಟ್ಟು ದೀಪ ಹತ್ತಿತು, ದೀಪಕ್ಕೆ ಟೇಪು. ಕೊನೆಗೆ ನಾನು, ನನ್ನ ಸಿಲಿಕಾನ್. ಒಂದೇ ಖಾಲಿ ಗೆರೆಗೆ ಹತ್ತು ವರ್ಷದಲ್ಲಿ ಇಷ್ಟು ಜನ ಔಷಧಿ ಮಾಡಿದ್ದೆವು.

ಮಾರಿದವರಿಗೆ ಒಮ್ಮೆ ಫೋನ್ ಮಾಡಿದೆ. ಜಗಳಕ್ಕಲ್ಲ. ಅವರು ಈಗ ದೂರದ ಊರಿನಲ್ಲಿದ್ದಾರೆ. ನಾನು ಎಲ್ಲ ಹೇಳಿ ಮುಗಿಸುವವರೆಗೆ ಸುಮ್ಮನಿದ್ದರು. ಟೇಪಿನ ವಿಷಯಕ್ಕೆ ಏನೂ ಹೇಳಲಿಲ್ಲ. ಆಮೇಲೆ ಸ್ವಲ್ಪ ನೊಂದ ದನಿಯಲ್ಲಿ ಕೇಳಿದರು: "ಸ್ಪಂಜು ಹಾಕಿಸಿದ ಮೇಲೆ ಕಡಿಮೆ ಆಗಿತ್ತಲ್ಲ? ಅದಕ್ಕೆ ಎಂಟುನೂರು ಕೊಟ್ಟಿದ್ದೆ. ತೂತು ಮಾತ್ರ ನಾನು ಮಾಡಿಸಿದ್ದಲ್ಲ, ನಾನು ತಗೊಳ್ಳುವಾಗಲೇ ಇತ್ತು. ಎರಡು ನಾನೇ ಮುಚ್ಚಿಸಿದೆ. ಮೂರನೇದು ಇತ್ತಾ?"

ಹಾಗಾಗಿ ಮೇಲಿನ ಕ್ರಮದಲ್ಲಿ ಸ್ಪಂಜನ್ನೂ ತೂತನ್ನೂ ಅದಲುಬದಲು ಮಾಡಿಕೊಂಡು ಓದಿ.